ಮಾಯವ್ವನಿಂದಾದ ಲಾಭ ಮತ್ತು ನಷ್ಟ

ನಮ್ಮ ಇಳಕಲ್ಲಿನ ಕಾಲೊನಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಬರುವ ದಿನವೂ ಹೊತ್ತು ಗೊತ್ತಿರುವುದಿಲ್ಲ. ಹಾಗಾಗಿ ನನ್ನ ಬೆಳಗು ಗೇಟಿನ ಚಿಲಕದ ಸಪ್ಪಳದಿಂದ ಶುರುವಾಗುತ್ತದೆ. ಇವತ್ತೂ ಹಾಗೇ ಆಯಿತು. ಚಹಾಕ್ಕೆ ನೀರಿಟ್ಟು ಹಾಲಿನ ಪಾಕೀಟಿನ ಮೂಲೆ ಕತ್ತರಿಸುತ್ತಿದ್ದೆ. ಚಿಲಕ ಮೂರು ಸಲ ಬಡಿಯಿತು. "ಅಕ್ಕಾರ, ನೀರ ಬಂದಾವ್ರಿ!" ಓಡಿಹೋಗಿ ಪೈಪು ಹಚ್ಚಿದೆ. ಬ್ಯಾರಲ್ ಅರ್ಧ ತುಂಬಿದ ಮೇಲೆ ನೆನಪಾಯಿತು. ಕೂಗಿದವಳು ಮಾಯವ್ವ. ಅವಳನ್ನು ನಾವು ಇವತ್ತೇ ಮಧ್ಯಾಹ್ನ ಕಾಲೊನಿಯಿಂದ ಕಳಿಸುವವರಿದ್ದೆವು. ಅದು ಗೊತ್ತಿದ್ದೂ ಅವಳು ಎಂದಿನಂತೆ ಇಪ್ಪತ್ತೆರಡು ಗೇಟು ಬಡಿದು ಹೋಗಿದ್ದಳು.

ಮಾಯವ್ವ ನೇಪಾಳದವಳು. ಹೆಸರು ಮಾಯಾ, ಅವ್ವ ನಾವು ಸೇರಿಸಿದ್ದು. ಗಂಡ ನಮ್ಮ ವಾಚ್‌ಮನ್. ಅವನಿಗೆ ನಾವೆಲ್ಲ ಬಹಾದ್ದೂರ್ ಅನ್ನುತ್ತೇವೆ. ಅವನ ನಿಜವಾದ ಹೆಸರು ನನಗೆ ತಿಳಿದದ್ದು ಇದೇ ತಿಂಗಳು, ಅದೂ ಗುರುತಿನ ಚೀಟಿ ನೋಡುವ ಪ್ರಸಂಗ ಬಂದದ್ದರಿಂದ. ಆರು ವರ್ಷದಿಂದ ಸಮುದಾಯ ಭವನದ ಹಿಂದಿನ ಖೋಲಿಯಲ್ಲಿದ್ದರು. ಮಗಳು ಪೂಜಾ ಇಲ್ಲಿಯ ಸರಕಾರಿ ಶಾಲೆಯಲ್ಲಿ ಎರಡನೇ ಇಯತ್ತೆ. ಕನ್ನಡದ ಮಗ್ಗಿಯನ್ನು ಅವಳು ಒಪ್ಪಿಸುವ ಚೆಂದ ನೋಡಿದರೆ, ಕನ್ನಡ ಬರದೆ ಬೆಳೆಯುತ್ತಿರುವ ನಮ್ಮ ಕಾಲೊನಿಯ ಮಕ್ಕಳೇ ಪರದೇಶದವರು ಅನಿಸುತ್ತದೆ.

ಕಳೆದ ವಾರ ಎಲ್ಲರ ಮೊಬೈಲಿಗೂ ಒಂದು ಸಂದೇಶ ಬಂತು. ಯಾವುದೋ ದೊಡ್ಡ ಊರಿನಲ್ಲಿ, ಯಾವುದೋ ವಾಚ್‌ಮನ್, ಯಾವುದೋ ಮನೆ ದೋಚಿದನಂತೆ. ಊರು ಯಾವುದೆಂದು ಬರೆದಿರಲಿಲ್ಲ. ಅವನು ಹೊರಗಿನವನು ಎಂಬುದನ್ನು ಮಾತ್ರ ದಪ್ಪ ಅಕ್ಷರದಲ್ಲಿ ಬರೆದಿದ್ದರು. ಸಂಜೆಗೇ ಸಭೆ. ನಮ್ಮ ಅಧ್ಯಕ್ಷರು ಅರ್ಥಶಾಸ್ತ್ರ ಕಲಿಸಿ ನಿವೃತ್ತರಾದವರು, ಸಿಟ್ಟಿನಲ್ಲಿ ಏನನ್ನೂ ನಿರ್ಧರಿಸುವವರಲ್ಲ.

"ಭಾವನಾಕ್ಕ ಬೀಳೂದು ಬ್ಯಾಡ್ರಿ," ಅಂದರು. "ಪರದೇಶದವ್ರನ್ನ ಇಟ್ಕೊಂಡ್ರ ಲಾಭ ಏನು, ನಷ್ಟ ಏನು, ಪಟ್ಟಿ ಮಾಡೂಣು. ಅಕ್ಕಾರ ಅಕ್ಷರ ಛಲೋ ಅದಾವ, ಅವರ ಬರೀಲಿ."

ಅಕ್ಕಾರ ಅಂದರೆ ನಾನು. ನನ್ನ ಅಕ್ಷರ ದುಂಡಗಿರುವುದಕ್ಕೆ ಕಾರಣ ನಾನು ಕಲಿತ ಕಾನ್ವೆಂಟಿನ ಒಬ್ಬ ಸಿಸ್ಟರ್. ಗೆರೆ ತಪ್ಪಿದರೆ ಬೆರಳ ಗೆಣ್ಣಿಗೆ ಅಳತೆಪಟ್ಟಿಯಿಂದ ಒಂದು ಕೊಡುತ್ತಿದ್ದರು, ಆಮೇಲೆ ಪೆಪ್ಪರಮಿಂಟೂ ಕೊಡುತ್ತಿದ್ದರು. ಅವರು ಸಮುದ್ರ ದಾಟಿ ಒಂದು ಟ್ರಂಕಿನೊಂದಿಗೆ ಬಂದವರು, ತಿರುಗಿ ಹೋಗಲೇ ಇಲ್ಲ. ಅವರ ಹೆಸರಿನಲ್ಲಿ ಯಾರೂ ಲಾಭನಷ್ಟದ ಪಟ್ಟಿ ಮಾಡಿದ್ದು ನನಗೆ ನೆನಪಿಲ್ಲ. ಅವರು ಕಲಿಸಿದ ಅಕ್ಷರದಲ್ಲಿ ನಾನು ಹಾಳೆಯ ನಡುವೆ ಗೆರೆ ಎಳೆದು, ಒಂದು ಕಡೆ ಲಾಭ, ಇನ್ನೊಂದು ಕಡೆ ನಷ್ಟ ಎಂದು ಬರೆದೆ.

ಲಾಭದ ಕಡೆ ಬರೆದು ಬರೆದು ಕೈ ಸೋತಿತು. ನೀರು ಬಂದದ್ದು ತಿಳಿಸುತ್ತಾಳೆ. ಮೋಡ ಕವಿದರೆ ಯಾರ ಮಾಳಿಗೆ ಎಂದು ನೋಡದೆ ಸಂಡಿಗೆ ಎತ್ತುತ್ತಾಳೆ. ಎದುರು ಮನೆಯ ಗಂಗಕ್ಕನ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಎತ್ತಿಕೊಂಡು ದವಾಖಾನೆಗೆ ಓಡಿದವನು ಬಹಾದ್ದೂರ್. ಹಾಳೆ ಮಗುಚಬೇಕಾಯಿತು. ನಷ್ಟದ ಕಡೆ ಎಲ್ಲರೂ ಬಹಳ ಹೊತ್ತು ಯೋಚಿಸಿ ಬರೆಸಿದ್ದು ಒಂದೇ ಪದ: ಹೊರಗಿನವರು.

"ಆರು ವರ್ಷದಾಗ ಏನರ ಮಾಡ್ಯಾರೇನ್ರಿ ಪಾಪ?" ಎಂದು ಯಾರೋ ಕೇಳಿದರು.

"ಏನೂ ಮಾಡಿಲ್ಲಲ್ರಿ," ಅಂದಳು ಗಂಗಕ್ಕ, "ಅದಕ್ಕ ನನಗ ಸಂಶೆ!"

ನಷ್ಟವೇ ಇಲ್ಲವೆಂದು ನಾನೂ ಅನ್ನುವುದಿಲ್ಲ. ಬಹಾದ್ದೂರ್ ಬಂದದ್ದರಿಂದ ನಮ್ಮೂರಿನ ಮುದುಕ ಹನುಮಪ್ಪನ ಕೆಲಸ ಹೋಯಿತು. ಅದು ಖರೇ ನಷ್ಟ. ಆದರೆ ಅದನ್ನು ಯಾರೂ ಬರೆಸಲಿಲ್ಲ. ಹನುಮಪ್ಪನನ್ನು ಬಿಡಿಸಿದವರು ನಾವೇ ಅಲ್ಲವೆ?

ಸಭೆ ಯಾತಕ್ಕೆಂದು ತಿಳಿದು, ಅದಕ್ಕೆ ಮೊದಲೇ ಮಾಯವ್ವ ನನ್ನ ಹತ್ತಿರ ಬಂದಿದ್ದಳು. "ಅಕ್ಕಾರ, ಪೂಜಾನ ಪರೀಕ್ಷಾ ಮುಗಿಯೂತನಕ ಇರ್ತೇವಿ ಅಂತ ಹೇಳ್ರಿ. ಒಂದ ತಿಂಗಳ ಸಾಕ್ರಿ. ನೀವ್ ಹೇಳಿದ್ರ ಕೇಳ್ತಾರ." ನಾನೇನು ಮಾಡಿದೆ? ಹಾಳೆಯ ಕೊನೆಯಲ್ಲಿ 'ಮಗುವಿನ ಪರೀಕ್ಷೆಯವರೆಗೆ ಅವಕಾಶ ಕೊಡಬಹುದು' ಎಂದು ಬಲು ಅಂದವಾಗಿ ಬರೆದೆ. ಬಾಯಿ ಬಿಡಲಿಲ್ಲ. ಅಧ್ಯಕ್ಷರು ಹಾಳೆಯನ್ನು ಅಲ್ಲಿಯವರೆಗೆ ಓದಲಿಲ್ಲ. ಕೈ ಎತ್ತದೆ ಮಾತಾಡಬಾರದೆಂದು ಕಾನ್ವೆಂಟಿನಲ್ಲಿ ಕಲಿಸಿದ್ದರು; ಐವತ್ತು ದಾಟುವ ಹೊತ್ತಿಗೆ ನನಗೆ ಕೈ ಎತ್ತುವುದೂ ಮರೆತುಹೋಗಿದೆ. ಎಂಟು ದಿನದಲ್ಲಿ ಖೋಲಿ ಖಾಲಿ ಮಾಡಬೇಕೆಂದು ತೀರ್ಮಾನವಾಯಿತು.

ಆಮೇಲೆ ಎಲ್ಲರೂ ಮಿರ್ಚಿ ತಿಂದೆವು. ಮೆಣಸಿನಕಾಯಿ ಹಡಗು ಹತ್ತಿ ಬಂದದ್ದು. ನಾವು ದಿನಾ ಬಡಿಯುವ ರೊಟ್ಟಿಯ ಜೋಳ ಆಫ್ರಿಕಾದ ಕಡೆಯದಂತೆ, ಕಲಾದಗಿಯ ದಾಳಿಂಬೆಯ ಹಿರಿಯರು ಇರಾನಿನವರಂತೆ. ಹೊಟ್ಟೆಯೊಳಗೆ ಬಿಟ್ಟುಕೊಳ್ಳುವಾಗ ಯಾರೂ ಗುರುತಿನ ಚೀಟಿ ಕೇಳುವುದಿಲ್ಲ. ನಮ್ಮೂರ ಕೆಂಪು ಗ್ರಾನೈಟು ಪಾಲಿಶ್ ಮಾಡಿಸಿಕೊಂಡು ಯಾವ್ಯಾವುದೋ ದೇಶಕ್ಕೆ ಹೋಗಿ, ಅಲ್ಲಿಯ ಅಡುಗೆಮನೆಗಳಲ್ಲಿ ಕಾಯಂ ಆಗಿ ಮಲಗುತ್ತದೆ. ಅದರ ತಲೆಯ ಮೇಲೆ ನಿಂತು ಯಾರು ಲಾಭನಷ್ಟ ಬರೆದಾರು? ಬೇರೆ ದೇಶಕ್ಕೆ ಹೋಗುವುದಾದರೆ ಕಲ್ಲಾಗಿ ಹೋಗಬೇಕು.

ಇವತ್ತು ಮಧ್ಯಾಹ್ನ ಗಂಗಕ್ಕ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಅರಿಶಿನಬೇರು, ಗುಳೇದಗುಡ್ಡದ ಖಣ ಇಟ್ಟುಕೊಂಡು ಬಂದಳು. "ಮುತ್ತೈದಿ ಅದಾಳ, ಬರೇ ಉಡೀಲೆ ಕಳಸಬಾರದು. ನಾಳೆ ಕಾಲೊನಿಗೆ ಏನರ ಆದ್ರ?" ಹೊರಗೆ ಹಾಕುವುದರಲ್ಲಿ ಅವಳಿಗೆ ಅಂಜಿಕೆ ಇರಲಿಲ್ಲ, ಉಡಿ ತುಂಬದೆ ಹೊರಗೆ ಹಾಕಲು ಅಂಜಿಕೆ. ಖೋಲಿಯ ಬಾಗಿಲಲ್ಲಿ ಟಂಟಂ ಗಾಡಿ ನಿಂತಿತ್ತು. ದೂರದ ಕುಳಗೇರಿ ಕ್ರಾಸಿನ ಒಂದು ಧಾಬಾದಲ್ಲಿ ಬಹಾದ್ದೂರನಿಗೆ ಕೆಲಸ ಸಿಕ್ಕಿತ್ತು, ಇರಲು ಜಾಗ ಇನ್ನೂ ಸಿಕ್ಕಿರಲಿಲ್ಲ. ಪೂಜಾ ಪಾಟಿಚೀಲ ಹೆಗಲಿಗೆ ಹಾಕಿಕೊಂಡೇ ಗಾಡಿಯಲ್ಲಿ ಕೂತಿದ್ದಳು.

ಮಾಯವ್ವ ಸೆರಗು ಹಿಡಿದಳು. ನಾವು ಐದು ಜನ ಹೆಂಗಸರು ಐದೈದು ಸಲ ಬೊಗಸೆಯಿಂದ ಅಕ್ಕಿ ಹಾಕಿದೆವು. ಅವಳ ಮುಖ ನಿಧಾನವಾಗಿ ಅರಳತೊಡಗಿತು. ಕಳೆದ ದಸರೆಗೆ ಇದೇ ಗಂಗಕ್ಕ ಅವಳ ಉಡಿ ತುಂಬಿ, "ಉಡಿ ತುಂಬಿಸ್ಕೊಂಡಾಕಿ ಮನಿಮಗಳ ಇದ್ಹಂಗ, ಹೊಳ್ಳಿ ಬರಾಕಬೇಕು" ಎಂದು ಪದ್ಧತಿಯ ಅರ್ಥ ಬಿಡಿಸಿ ಹೇಳಿದ್ದಳು. ಪಾಪ, ತಿರುಗಿ ಬರಬೇಕೆಂಬ ಆ ಮಾತನ್ನು ಮಾಯವ್ವ ಕಲಿತಿದ್ದಳು.

ಸೆರಗಿನ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡು ಕೇಳಿದಳು: "ಹೊಳ್ಳಿ ಯಾವಾಗ ಬರ್ಲಿ, ಅಕ್ಕಾರ? ಪರೀಕ್ಷಾಕ್ಕ ಬರೂಣೇನ್ರಿ?"

ಗಂಗಕ್ಕ ತಟ್ಟೆಗೆ ಅಂಟಿದ ಅಕ್ಕಿ ಕೊಡವತೊಡಗಿದಳು. ನಾನು ಪೂಜಾಳ ಕೆನ್ನೆ ಮುಟ್ಟಿ "ಛಲೋ ಓದು" ಅಂದೆ. ಯಾವ ಶಾಲೆಯಲ್ಲಿ ಎಂದು ಅವಳು ಕೇಳಲಿಲ್ಲ. ಮಕ್ಕಳು ದೊಡ್ಡವರ ಮರ್ಯಾದೆ ಕಾಯುತ್ತಾರೆ.

ಸಂಜೆ ಖೋಲಿಗೆ ಕೀಲಿ ಹಾಕಲು ಗಂಗಕ್ಕ ನನ್ನನ್ನು ಜೊತೆಗೆ ಕರೆದಳು. ಏನಾದರೂ ಒಯ್ದಿದ್ದರೆ ಇಬ್ಬರು ಸಾಕ್ಷಿ ಇರಲೆಂದು. ಬಲ್ಬೂ ಇತ್ತು, ನಲ್ಲಿಯೂ ಇತ್ತು. ನೆಲ ಒರೆಸಿತ್ತು, ಗೋಡೆಯ ಮೊಳೆ ಕಿತ್ತ ತೂತುಗಳಿಗೆ ಸುಣ್ಣ ಮೆತ್ತಿತ್ತು. ಗಂಗಕ್ಕ ಕಿಟಕಿಯ ಕಟ್ಟೆಯ ಮೇಲೆ ಬೆರಳಾಡಿಸಿ, ಬೆರಳ ತುದಿ ನೋಡಿಕೊಂಡಳು.

"ಎಷ್ಟ ಸ್ವಚ್ಛ ಇಟ್ಟಾಳ ನೋಡ್ರಿ ಅಕ್ಕಾರ," ಅಂದಳು ಕೀಲಿ ತಿರುವುತ್ತ. "ನಮ್ಮ ಮಂದಿ ಆಗಿದ್ರ ಹಿಂಗ ಇಡತಿದ್ದಿಲ್ಲ ಬಿಡ್ರಿ."