ತಲೆಕೆಳಗಾದರೂ ಅದೇ ಬಳ್ಳಿ

ಮಾರುಕಟ್ಟೆಯ ಹಿಂದಿನ ಪುಟ್ಟ ಪ್ರೆಸ್ಸಿನ ಯಜಮಾನನನ್ನು ಎಲ್ಲರೂ ಅಂಚಣ್ಣ ಎಂದೇ ಕರೆಯುತ್ತಿದ್ದರು. ಯಾವ ಕಾಗದ ಕೈಗೆ ಬಂದರೂ ಮೊದಲು ಅಂಚು ನೋಡಿ, "ಕೂದಲೆಳೆಯಷ್ಟು ವಾರೆ" ಎಂದು ಮೂಗು ಮುರಿಯುವ ಮನುಷ್ಯ. ಇಸ್ಪೀಟು ಎಲೆಗಳ ಹಿಂಬದಿಗೆ ಗಿರಾಕಿಗಳು ಕೇಳಿದ ಚಿತ್ತಾರ ಬರೆದು ಅಚ್ಚು ಹಾಕುವುದು ಅವನ ಕಸುಬು. ಕತ್ತರಿಸಿ ಮೂಲೆಗಳನ್ನು ದುಂಡಗೆ ಮಾಡುವುದು ಹೆಂಡತಿಯ ಕೆಲಸ.

ಒಂದು ಬೆಳಿಗ್ಗೆ ಎಂಬತ್ತು ದಾಟಿದ ಅಜ್ಜಿಯೊಬ್ಬಳು ಬಂದು ಹಳೇ ದಿಂಬಿನ ಚೀಲ ಹರಡಿದಳು. "ಈ ಬಳ್ಳಿ ನಾನು ಹುಡುಗಿಯಾಗಿದ್ದಾಗ ಹಾಕಿದ ಕಸೂತಿ ಕಣಪ್ಪ. ನಾವು ನಾಲ್ವರು ಗೆಳತಿಯರು ದಿನಾ ಮಧ್ಯಾಹ್ನ ಇಸ್ಪೀಟಾಡ್ತೀವಿ. ನಮ್ಮ ಎಲೆಗಳಿಗೆ ಇದನ್ನೇ ಹಾಕು."

ಎಲೆಯ ಹಿಂಬದಿ ತಲೆಕೆಳಗಾದರೂ ಒಂದೇ ಥರ ಕಾಣಬೇಕು. ಅದಕ್ಕೆ ಅರ್ಧ ಬರೆದು, ಅದನ್ನೇ ಕಂಪ್ಯೂಟರಿನಲ್ಲಿ ತಿರುಗಿಸಿ ಕೂಡಿಸುವುದು ರೂಢಿ. ಬಳ್ಳಿ ಎಷ್ಟು ಹಿಡಿಸಿತ್ತೆಂದರೆ, ಈ ಸಲ ಅಂಚಣ್ಣ ಇಡೀ ಚಿತ್ರವನ್ನು ಕೈಯಲ್ಲೇ ಬರೆದ.

ಎರಡು ವಾರದ ಮೇಲೆ ಅಜ್ಜಿ ಬಂದು ಕಟ್ಟು ಬಿಚ್ಚಿದಳು. ನಾಲ್ಕು ಎಲೆಗಳನ್ನು ಆರಿಸಿ, ತಲೆಕೆಳಗು ಮಾಡಿ ಮತ್ತೆ ಕಟ್ಟಿಗೆ ಸೇರಿಸಿ, ಕಲೆಸಿ, ಮೇಜಿನ ಮೇಲೆ ಬೋರಲು ಹರಡಿದಳು. ಆಮೇಲೆ ನಾಲ್ಕನ್ನು ಹೆಕ್ಕಿ ಮಗುಚಿದಳು. ನಾಲ್ಕೂ ಎಕ್ಕ!

"ಅದ್ಹೇಗಜ್ಜಿ?"

"ಈ ಮೂಲೆ ಮೊಗ್ಗು ಬಗ್ಗಿದೆ, ಆ ಮೂಲೇದು ನೆಟ್ಟಗಿದೆ. ತಿರುಗಿಸಿಟ್ಟ ಎಲೆ ಯಾರ ಕೈಲಿದ್ರೂ ಗೊತ್ತಾಗುತ್ತೆ."

ಅಂಚಣ್ಣನ ಮುಖ ಇಂಗು ತಿಂದಂತಾಯಿತು. "ತಪ್ಪಾಯ್ತಜ್ಜಿ. ಹೊಸದು ಹಾಕಿಕೊಡ್ತೀನಿ."

"ಹಾಕು. ನನ್ನ ಗೆಳತಿಯರು ಮೂವರೂ ಕಿಲಾಡಿಗಳು, ಅವರ ಕಣ್ಣಿಗೂ ಬಿದ್ದೇ ಬೀಳುತ್ತೆ. ಆದ್ರೆ ಈ ಕಟ್ಟು ಎಸೀಬೇಡ. ಒಂದೇ ಒಂದಿನ ಅವರನ್ನ ಚೆನ್ನಾಗಿ ಬೋಳಿಸಿ, ಆಮೇಲೆ ನಾನೇ ಹೇಳಿಬಿಡ್ತೀನಿ!"

ಹೆಂಡತಿ ಯಂತ್ರ ನಿಲ್ಲಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂಚಣ್ಣನಿಗೂ ನಗು ತಡೆಯಲಾಗಲಿಲ್ಲ.

ಅಜ್ಜಿ ಹೇಳಿದಂತೆಯೇ ಮಾಡಿದಳು. ಒಂದಿಡೀ ಮಧ್ಯಾಹ್ನ ಗೆದ್ದು, ಸಂಜೆ ಗುಟ್ಟು ಬಿಟ್ಟುಕೊಟ್ಟು, ಮೂವರಿಂದಲೂ ಬೈಸಿಕೊಂಡಳು.

ಈ ಸಲ ಅರ್ಧವನ್ನೇ ಬರೆದು, ತಿರುಗಿಸಿ ಕೂಡಿಸಿ ಅಚ್ಚು ಹಾಕಿದ ಕಟ್ಟನ್ನು ಗಂಡಹೆಂಡಿರೇ ಅಜ್ಜಿಯ ಮನೆಗೆ ಒಯ್ದರು. ನಾಲ್ವರೂ ಕನ್ನಡಕ ಏರಿಸಿ, ತಿರುಗಿಸಿ ಮುರುಗಿಸಿ ನೋಡಿದರು. ಒಂದು ಕುಂದೂ ಸಿಗಲಿಲ್ಲ.

"ಬನ್ನಿ, ಕೂತ್ಕೊಳ್ಳಿ, ನೀವೂ ಆಡಿ" ಎಂದಳು ಅಜ್ಜಿ.

ಮೂವತ್ತು ವರ್ಷ ಇಸ್ಪೀಟು ಅಚ್ಚು ಹಾಕಿದ್ದರೂ ಇಬ್ಬರಿಗೂ ಆಟ ಬಾರದು. ಅಜ್ಜಿಯರು ಕಲಿಸಿದರು. ಅಂಚಣ್ಣ ಐದಾಟ ಸೋತು, ಆರನೆಯದನ್ನು ಗೆದ್ದಾಗ ಕುರ್ಚಿಯಿಂದೆದ್ದು ಕುಣಿದೇಬಿಟ್ಟ.

ಅಂದಿನಿಂದ ಶನಿವಾರ ಮಧ್ಯಾಹ್ನ ಪ್ರೆಸ್ಸಿಗೆ ಬೀಗ. ಅಂಚಣ್ಣ ಈಗಲೂ ಹೆಚ್ಚಾಗಿ ಸೋಲುತ್ತಾನೆ. ಗೆಲ್ಲುವುದು ಹೆಂಡತಿ; ಅವಳು ಅಜ್ಜಿಯ ಮನೆಯೊಳಗೆ ಕಾಲಿಟ್ಟರೆ ಸಾಕು, ಅಜ್ಜಿಯರು ನಾಲ್ವರೂ ಸೆಟೆದು ಕೂರುತ್ತಾರೆ.