ಲೆಕ್ಕಕ್ಕೆ ಸಿಗದ ಕೂಸುಗಳು

ಬುಂದೇಲಖಂಡದ ನಮ್ಮ ಮಗರೈಯಾದಲ್ಲಿ ತೊಂಬತ್ತು ಮನೆಗಳಿವೆ. ಬಸ್ಸು ನಿಲ್ಲುತ್ತಿದ್ದದ್ದು ಹನ್ನೊಂದು ಕಿಲೋಮೀಟರ್ ಆಚೆ. ಅಲ್ಲಿಯವರೆಗೆ ಹಲ್ಕೆಯ ಜೀಪೇ ಗತಿ; ಮಳೆ ಹಿಡಿದರೆ ಅದೂ ಇಲ್ಲ, ಕಾಯಿಲೆಯವರನ್ನು ಮಂಚದ ಮೇಲೆ ಹೊರಬೇಕು. ಊರಿನಲ್ಲಿ ಐನೂರು ತಲೆ ಇದ್ದರೆ ಡಾಂಬರು ರಸ್ತೆ ಎಂದು ಸರ್ಕಾರ ಹೇಳಿತ್ತು. ಎಣಿಸಲು ಬಂದ ಪಟ್ಟಣದ ಟೀಚರಮ್ಮನಿಗೆ ಸಿಕ್ಕಿದ್ದು ನಾನೂರ ಎಂಬತ್ತಾರು. ಹೆಚ್ಚು ಸಿಗುವುದು ಹೇಗೆ? ಹುಟ್ಟುಗೂದಲು ತೆಗೆಸುವವರೆಗೆ ಮನೆಯಲ್ಲಿ ಕೂಸಿದೆ ಎಂದು ಹೊರಗಿನವರ ಮುಂದೆ ನಾವು ಬಾಯಿಬಿಡುವುದಿಲ್ಲ. ಕಣ್ಣು ಬಿದ್ದೀತೆಂಬ ಭಯ.

ನಮ್ಮನ್ನೆಲ್ಲ ಈ ಲೋಕಕ್ಕೆ ಎಳೆದು ತಂದವಳು ಸೂಲಗಿತ್ತಿ ದುಲಾರಿ. ಕಡೆಯ ಕೇರಿಯವಳು, ಹೆರಿಗೆ ಮಾಡಿಸಿದ ಮನೆಯಲ್ಲೇ ಹೊಸ್ತಿಲಾಚೆ ಕೂತು ಉಂಡವಳು. ನನ್ನ ಹೊಕ್ಕುಳಬಳ್ಳಿ ಕತ್ತರಿಸಿದವಳೂ ಅವಳೇ. ಆದರೆ ಸ್ವಂತ ಮಗಳ ಹೆರಿಗೆ ಅವಳ ಕೈಮೀರಿತು. ಆಸ್ಪತ್ರೆಗೆಂದು ಮಂಚ ಹೊತ್ತು ಹೊರಟ ನಾವು ಏಳನೇ ಕಿಲೋಮೀಟರಿನ ಕೆಸರಲ್ಲಿ ಹೆಣ ಇಳಿಸಿದೆವು. ಅಂದಿನಿಂದ ದುಲಾರಿಗೆ ರಸ್ತೆಯದೊಂದೇ ಧ್ಯಾನ.

ಬೇವಿನ ಮರದ ಕೆಳಗೆ ಟೀಚರಮ್ಮ ಪುಸ್ತಕ ಮುಚ್ಚುವಷ್ಟರಲ್ಲಿ ದುಲಾರಿ ಎದ್ದು ನಿಂತಳು. “ಪರ್ಮಾ ಮನೇಲಿ ಅವಳಿ ಜವಳಿ ಇದಾವೆ, ಬರ್ಕೊಳಿ ತಾಯಿ. ಲಛ್ಮನ್ ಸೊಸೆಗೆ ಒಂದು ಗಂಡು...”

“ಮುದುಕಿ, ನಾಲಿಗೆ ಒಳಗಿಟ್ಕೊ,” ಎಂದ ಹಲ್ಕೆ. ರಸ್ತೆ ಬಂದರೆ ಅವನ ಜೀಪನ್ನು ಯಾರೂ ಮೂಸಿ ನೋಡುತ್ತಿರಲಿಲ್ಲ.

“ನಿನ್ನ ಜೀಪು ತುಂಬ್ಲಿ ಅಂತ ನಮ್ಮ ಹೆಣ್ಮಕ್ಳು ಸಾಯ್ಬೇಕೇನೋ?”

“ಕೇಳಿದ್ರಾ? ತನ್ನ ಮಗಳು ಹೋದ್ಲು ಅಂತ ನಿಮ್ಮ ಮಕ್ಳನ್ನ ಎಣಿಸಿ ಎಣಿಸಿ ನುಂಗ್ತಾಳೆ.”

ಅಷ್ಟು ಸಾಕಾಯಿತು. ಮೊದಲ ಕಲ್ಲು ಹಲ್ಕೆಯದು, ಆಮೇಲೆ ತಾಯಂದಿರದು, ಅದರ ನಡುವೆ ನನ್ನದೂ ಒಂದು. ಅವಳ ಹುಬ್ಬು ಸೀಳಿದ್ದು ನನ್ನದೇ. ನನ್ನ ಎರಡು ಕೂಸುಗಳು ಕೂದಲು ತೆಗೆಸುವ ಮೊದಲೇ ಮಣ್ಣಾಗಿದ್ದವು, ಹೆಂಡತಿ ರಾಮರತಿ ಮತ್ತೆ ಬಸುರಿ. ಹೆದರಿದ್ದೆ. ಹೆದರಿದ್ದೆ ಎಂದರೆ ಕಲ್ಲಿನ ಏಟು ಕಡಿಮೆಯಾಗುತ್ತದೆಯೇ? ಹಲ್ಕೆ ಅವಳ ಎರಡೂ ಕೈಗಳನ್ನು ಜೀಪಿನ ಬಾನೆಟ್ ಮೇಲೆ ಒತ್ತಿ ಹಿಡಿಸಿ ಜಾಕ್ ರಾಡಿನಿಂದ ಬಡಿದ. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಟೀಚರಮ್ಮ ಓಡಿಹೋದಳು. ನಾವು ಮನೆಗೆ ಹೋಗಿ ರೊಟ್ಟಿ ತಿಂದೆವು.

ಆಷಾಢದಲ್ಲಿ ರಾಮರತಿಗೆ ನೋವು ಬಂತು. ಹಳ್ಳ ತುಂಬಿತ್ತು, ಜೀಪು ಹೊರಡಲಿಲ್ಲ. ಮರುದಿನ ಮಧ್ಯಾಹ್ನ ಕೂಸಿನ ಕಾಲು ಮೊದಲು ಕಂಡಿತು. ಓಡಿಹೋಗಿ ದುಲಾರಿಯ ಬಾಗಿಲಲ್ಲಿ ಬಿದ್ದೆ.

ಸೊಟ್ಟಗೆ ಕೂಡಿಕೊಂಡ ಬೆರಳುಗಳನ್ನು ಅವಳು ನನ್ನ ಮೂಗಿನ ಮುಂದೆ ಹಿಡಿದಳು. “ಇದರಲ್ಲಿ ಏನ್ ಹಿಡೀಲೋ?” ಆದರೂ ಬಂದಳು. ಗಂಡಸು ಕಾಲಿಡಬಾರದ ಕೋಣೆಗೆ ನನ್ನನ್ನೇ ನೂಕಿದಳು. “ಕಲ್ಲು ಎಸೆದಿದ್ದು ಯಾವ ಕೈ? ಬಲಗೈನಾ? ಅದನ್ನೇ ಮೊದ್ಲು ತೊಳಿ.”

ನಾನು ಹಿಂದೆ ಸರಿದಾಗ ದುಲಾರಿ ಬೆನ್ನಿಗೆ ಒದ್ದಳು. ನೋವಿನಲ್ಲಿ ರಾಮರತಿ ಎದೆಗೆ ಒದ್ದಳು. “ಎಳೀಬೇಡ, ಹಿಡ್ಕೊ. ಈಗ ತಿರುಗ್ಸು. ನಿಧಾನ, ಎಮ್ಮೆ ಕರು ಅಲ್ಲ ಅದು.” ಮೊಣಕೈವರೆಗೆ ರಕ್ತವಾಗಿದ್ದ ನನ್ನ ಕೈಗೆ ಹೆಣ್ಣು ಕೂಸು ಬಂತು, ಅತ್ತಿತು.

“ಹೂಂ, ಇದನ್ನೂ ಬಚ್ಚಿಡು,” ಎಂದು ದುಲಾರಿ ಎದ್ದು ಹೋದಳು.

ಟೀಚರಮ್ಮ ಒಬ್ಬ ಪೋಲೀಸನನ್ನು ಕರೆದುಕೊಂಡು ಮತ್ತೆ ಎಣಿಸಲು ಬಂದಾಗ ನಾನು ಬೇವಿನ ಕೆಳಗೆ ಹೋಗಿ ನಿಂತೆ. ಹಿಂದೆ ರಾಮರತಿ, ಅವಳ ತೋಳಲ್ಲಿ ತಲೆತುಂಬ ಹುಟ್ಟುಗೂದಲಿನ ಮಗಳು. “ಫೂಲಾ. ನನ್ನ ಮಗಳು. ಬರ್ಕೊಳಿ,” ಎಂದೆ. ಹಲ್ಕೆಯ ರಾಡು ನನ್ನ ದವಡೆಗೆ ಬಿತ್ತು, ಎರಡು ಹಲ್ಲು ಉದುರಿದವು. ಪೋಲೀಸು ಅವನನ್ನು ಕೆಡವಿ ಮೇಲೆ ಕೂತ.

ದುಲಾರಿ ತನ್ನ ಜಗುಲಿಯಿಂದಲೇ ಕೂಗಿದಳು. “ಜೋರಾಗಿ ಹೇಳೋ. ಒಳಗಿರೋ ತಾಯಂದಿರಿಗೂ ಕೇಳಿಸ್ಲಿ.”

ರಕ್ತ ಉಗುಳಿ ಮತ್ತೆ ಹೇಳಿದೆ. ಪರ್ಮಾನ ಹೆಂಡತಿ ಬಾಗಿಲು ತೆರೆದು, ಕಂಕುಳಿಗೊಂದು ಕೂಸಿನಂತೆ ಎರಡನ್ನೂ ಎತ್ತಿಕೊಂಡು ಬಂದಳು. ಅವಳ ಹಿಂದೆ ಉಳಿದವರೂ ಬಂದರು. ಐನೂರ ನಾಲ್ಕಾಯಿತು.

ಈಗ ಬಸ್ಸು ಬೇವಿನ ಮರದ ತನಕ ಬರುತ್ತದೆ. ದುಲಾರಿ ಇನ್ನೂ ಅದನ್ನು ಹತ್ತಿಲ್ಲ. ಹತ್ತಲು ಕಂಬಿ ಹಿಡಿಯಬೇಕು. ಅವಳ ಬೆರಳು ಮಡಚುವುದಿಲ್ಲ.