ಹುಸೇನಬಿಯ ಮಗ್ಗ

ಗೌರೀ, ಹುಸೇನಬಿಯನ್ನ ಮಗ್ಗದಿಂದ ಎಬ್ಬಿಸಿದಾಕಿ ನಾನು. ನೀ ಪುಸ್ತಕದಾಗ ಬರದ ಪರದೇಶದ ಬಟ್ಟೆ ಅಲ್ಲ, ಸರ್ಕಾರ ಇಳಿಸಿದ ಸುಂಕ ಅಲ್ಲ — ನಿನ್ನ ಆಯಿ.

ನಿನಗ ಡಾಕ್ಟರೇಟ್ ಸಿಕ್ಕ ಸುದ್ದಿಗೆ ಇಲಕಲ್ಲಿನ ಇಡೀ ಓಣಿಗೆ ಪೇಢೆ ಹಂಚಿದೆ. ಮಾತು ಬಿಟ್ಟವರ ಮನಿಗೂ ಹೋಗಿ ಕೊಟ್ಟೆ. ನಾಕನೆತ್ತೆಗೆ ಸಾಲಿ ಬಿಟ್ಟಾಕಿಯ ಮೊಮ್ಮಗಳು ನೇಕಾರರ ಮಜೂರಿ ಮ್ಯಾಲ ಅಷ್ಟು ದಪ್ಪ ಪುಸ್ತಕ ಬರದಾಳ ಅಂದ್ರ — ಹಿಗ್ಗು ಎದ್ಯಾಗ ಹಿಡಿಸವಲ್ದು. ಆದ್ರ ನೀ ಅದನ್ನ ಓದಿ ಹೇಳುವಾಗ, ಹುಸೇನಬಿ ಹಿಂಗಂದಳು, ಹುಸೇನಬಿ ಹಂಗಂದಳು... ನನ್ನ ಮಾತು ಎರಡೇ ಸಾಲು. ಈ ವಯಸ್ಸಿನಾಗೂ ಒಳಗ ಚುರ್ ಅಂತು. ಅದೇ ಹಳೇ ಉರಿ. ನನಗ ಗುರುತು ಹತ್ತಿತು.

ಆಗ ಸಾವಕಾರರ ಶೆಡ್ಡಿನಾಗ, ನೆಲದ ಕುಣ್ಯಾಗ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗಕ್ಕ ಕೂಡ್ರುವ ಹೆಂಗಸರು ನಾನು, ಹುಸೇನಬಿ ಇಬ್ಬರೇ. ಉಳಿದ ಹೆಂಗಸರೆಲ್ಲ ನೂಲಿನ ಕಂಡಿಕಿ ಸುತ್ತುವವರು. ನಮ್ಮ ಸೀರಿಗೆ ಒಡಲು ಬ್ಯಾರೆ, ಸೆರಗು ಬ್ಯಾರೆ. ಎಳಿಗೆ ಎಳಿ ಕೊಂಡಿ ಹಾಕಿ ಕೂಡಿಸಬೇಕು. ಆಕಿ ಹಾಕಿದ ಕೊಂಡಿ ಬೆರಳಿಗೆ ಸಿಗತಿರಲಿಲ್ಲ. ಸಾವಕಾರರು ಆಕಿಗೆ ಗಂಡಸರ ಮಜೂರಿ ಕೊಟ್ಟರು, ನನಗ ಹೆಂಗಸರದು. ನನ್ನಷ್ಟೇ ನೇಯುವ ಗಂಡಸರಿಗೂ ಆಕಿಯಷ್ಟೇ ಸಿಗತಿತ್ತು — ಆದ್ರ ನನ್ನ ಹೊಟ್ಟಿಕಿಚ್ಚು ಅವರ ಮ್ಯಾಲ ಹೋಗಲಿಲ್ಲ. ಆಕಿ ಮ್ಯಾಲ ಹೋತು.

ಬಸುರಿಯನ್ನ ಕುಣಿಗೆ ಇಳಿಸುವ ರೂಢಿ ಇರಲಿಲ್ಲ. ಗೊತ್ತಾದ ದಿನಾನೇ ಕಂಡಿಕಿಗೆ ಹಾಕಿ ಮಗ್ಗ ಬ್ಯಾರೆಯವರಿಗೆ ಕೊಡತಿದ್ರು. ಹುಸೇನಬಿ ಸೆರಗು ಹೊದ್ದು ಹೊಟ್ಟಿ ಮುಚ್ಚಿದ್ದಳು. ಹೇಳಿದ್ದು ನನಗೊಬ್ಬಾಕಿಗೇ — "ನೀಲವ್ವಾ, ಗಂಡ ಹಾಸಗಿ ಹಿಡದಾನ. ಹೆರೂತನಕ ನೇಯ್ತೇನಿ. ನಿನ್ನ ಹೊಟ್ಟ್ಯಾಗ ಇರಲಿ."

ಒಂದಿನ ಸಾವಕಾರರು ಆಕಿ ನೇಯ್ದ ಸೀರಿ ನನ್ನ ಮುಂದ ಹರವಿ, ಹಿಂಗ ಕೊಂಡಿ ಹಾಕೋದು ಯಾವ ಜನ್ಮಕ್ಕ ಕಲೀತೀ ಅಂತ ಚುಚ್ಚಿದರು. ನಾನು ನಗ್ತಾನೇ ಅಂದೆ — "ಆಕೀನೂ ಇನ್ನೆಷ್ಟು ದಿನ ಹಾಕ್ತಾಳ್ರಿ, ಐದನೇ ತಿಂಗಳಾಗ ಬಿದ್ದೈತಿ."

ಅಷ್ಟೇ. ಸಂಜೀಗೆ ಆಕೀನ್ನ ಎಬ್ಬಿಸಿದರು. ಯಾರು ಹೇಳಿದ್ರೋ ಅಂತ ನನ್ನ ಹೆಗಲಿಗೇ ಒರಗಿ ಅತ್ತಳು — ನಾ ಕಣ್ಣೀರು ಒರಸಿದೆ...

ಆಕಿ ಮಗ್ಗ ನನಗ ಸಿಕ್ಕಿತು, ಮಜೂರಿ ಸಿಗಲಿಲ್ಲ. ಕೇಳಿದ್ದಕ್ಕ ಸಾವಕಾರರು, "ಹೆಂಗಸರು ಇವತ್ತ ಇರ್ತೀರಿ, ನಾಳೆ ಬಾಣಂತನಕ್ಕ ಹೋಗ್ತೀರಿ. ಗಂಡಸರ ಮಜೂರಿ ಹೆಂಗ ಕೊಡ್ಲಿ?" ಅಂದರು. ನಾನೇ ಅವರ ಬಾಯಿಗೆ ಹಾಕಿದ ಮಾತು. ಮುಂದ ಆ ಶೆಡ್ಡಿನಾಗ ಯಾವ ಹೆಣ್ಣಿಗೂ ಗಂಡಸರ ಮಜೂರಿ ಬರಲಿಲ್ಲ.

ಪರದೇಶದ ಬಟ್ಟೆ ಬಂದು ವ್ಯಾಪಾರ ಬಿದ್ದದ್ದು ಖರೆ — ಆದ್ರ ಅದು ಆಮ್ಯಾಲ. ಹುಸೇನಬಿ ಕೂಸು ಕಟ್ಟಿಗೊಂಡು ಮಗ್ಗ ಕೇಳಾಕ ಬಂದಾಗ ಸಾವಕಾರರು ಅದೇ ನೆಪ ಹೇಳಿ ಕಳಿಸಿದರು. ಆಕಿ ನಿನಗ ಅದನ್ನೇ ಹೇಳಿದಳು, ನೀ ಅದನ್ನೇ ಬರದಿ. ಆಕಿ ಮೊದಲು ಮಗ್ಗ ಯಾಕ ಬಿಟ್ಟಳು ಅಂತ ನೀ ನನ್ನನ್ನೂ ಕೇಳಿದ್ದಿ. ನಾ ಚಹಾ ಕಾಸಾಕ ಎದ್ದು ಹೋದೆ.

ಪುಸ್ತಕ ಅಚ್ಚಿಗೆ ಹೋಗೂ ಮೊದಲು ಆ ಪುಟ ತಿದ್ದು, ಯವ್ವಾ. ಒಬ್ಬ ಹೆಣ್ಣುಮಗಳು ಅಂತ ಬರೀಬ್ಯಾಡ, ನೀಲವ್ವ ಅಂತಾನೇ ಬರಿ.

ಹುಸೇನಬಿ ಈಗ ಹುನಗುಂದದಾಗ ಮಗನ ಮನ್ಯಾಗ ಅದಾಳ. ನಾಳೆ ಮುಂಜಾನೆ ಬಸ್ಸಿಗೆ ನಾ ಒಬ್ಬಾಕಿನೇ ಹೋಗ್ತೇನಿ. ನೀ ಬರಬ್ಯಾಡ. ನೀ ಜೋಡಿ ಇದ್ರ, ನಿನ್ನ ಮಾರಿ ನೋಡಿ ಆಕಿ ನನ್ನ ಮಾಫ್ ಮಾಡಿಬಿಡ್ತಾಳ.